ಲಾರಿ ಇದೆ, ಲೋಡ್ ಇದೆ, ಡ್ರೈವರ್ ಎಲ್ಲಿ?

ಕಳೆದ ದೀಪಾವಳಿಗೆ ಇನ್ನೊಂದು ವಾರ ಇತ್ತು. ನೆಲಮಂಗಲದ ಹತ್ತಿರ ಹೆದ್ದಾರಿ ಪಕ್ಕದ ನಮ್ಮ ಗೋದಾಮಿನ ಅಂಗಳದಲ್ಲಿ ಹನ್ನೊಂದು ಲಾರಿ ನಿಂತಿದ್ದವು. ಡ್ರೈವರ್‌ಗಳು ಮಾತ್ರ ಏಳೇ ಜನ. ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗೆ ಹೋಗಬೇಕಾದ ಸೋಪು, ಬಿಸ್ಕತ್ತು, ಎಣ್ಣೆ ಡಬ್ಬ ಎಲ್ಲಾ ಪ್ಯಾಕ್ ಆಗಿ ಕೂತಿತ್ತು. ಇನ್ನು ಯಾರನ್ನ ಕರೆಯೋದು ಅಂತ ಫೋನ್ ತಡಕಾಡುತ್ತಿದ್ದಾಗಲೇ ಚಳ್ಳಕೆರೆಯಿಂದ ಅಕ್ಕನ ಕಾಲ್ ಬಂತು.

"ನಿನ್ನ ಅಳಿಯ ಲಾರಿ ಓಡಿಸ್ತಾನಂತೆ ಕಣೋ. ನೀನಾದ್ರೂ ಬೇಡ ಅಂತ ಬುದ್ಧಿ ಹೇಳು."

"ಖಂಡಿತ ಬೇಡ. ನಾನೂ ಮಾತಾಡ್ತೀನಿ" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನಾಚಿಕೆ ಆಯ್ತು. ಡ್ರೈವರ್ ಸಿಗ್ತಿಲ್ಲ ಅಂತ ದಿನಾ ಗೋಳಾಡೋನು ನಾನೇ, ಮನೆ ಹುಡುಗ ಡ್ರೈವರ್ ಆಗ್ತೀನಿ ಅಂದರೆ ಬೇಡ ಅನ್ನೋನೂ ನಾನೇ.

ನಾನು ಡಿಸ್ಪ್ಯಾಚ್ ವಿಭಾಗದಲ್ಲಿದ್ದೀನಿ. ಯಾವ ಲೋಡು, ಯಾವ ಗಾಡಿಗೆ, ಎಷ್ಟು ಹೊತ್ತಿಗೆ ಅಂತ ತೀರ್ಮಾನಿಸೋದು ನನ್ನ ಕೆಲಸ. ನೀವು ಮೊಬೈಲಿನಲ್ಲಿ ಆರ್ಡರ್ ಮಾಡಿದ ಸಾಮಾನು ನಿಮ್ಮೂರಿನ ಅಂಗಡಿಗೋ ಮನೆಗೋ ಬರುವ ಮೊದಲು ಇಂಥ ಎರಡು ಮೂರು ಗೋದಾಮು ದಾಟಿರುತ್ತೆ. ಅವುಗಳ ನಡುವಿನ ನೂರಾರು ಕಿಲೋಮೀಟರ್ ಯಾರೋ ಒಬ್ಬರು ರಾತ್ರಿಯೆಲ್ಲಾ ಎದ್ದಿದ್ದು ಗಾಡಿ ಓಡಿಸಿರುತ್ತಾರೆ.

ಅಪ್ಪನ ಕಾಲದ ಶಾಲೆ

ನಮ್ಮಪ್ಪನೂ ಲಾರಿ ಡ್ರೈವರ್. ಚಳ್ಳಕೆರೆ ಕಡೆಯ ಈರುಳ್ಳಿಯನ್ನ ಯಶವಂತಪುರ ಮಾರ್ಕೆಟ್ಟಿಗೆ ತರುತ್ತಿದ್ದರು. ಅವರಿಗೆ ಡ್ರೈವಿಂಗ್ ಸ್ಕೂಲ್ ಗೊತ್ತಿರಲಿಲ್ಲ. ಹದಿನಾರನೇ ವಯಸ್ಸಿಗೆ ಕ್ಲೀನರ್ ಆಗಿ ಹತ್ತಿದವರು, ನಾಲ್ಕೈದು ವರ್ಷ ಟೈರ್ ಬಿಚ್ಚಿ, ಟಾರ್ಪಾಲ್ ಕಟ್ಟಿ, ರಿವರ್ಸ್ ತೋರಿಸಿ, ಗುರುವಿನ ಕೈಲಿ ಬೈಸಿಕೊಂಡು ಸ್ಟೀರಿಂಗ್ ಹಿಡಿದರು. ಲೋಡ್ ಇರುವ ಗಾಡಿಯನ್ನ ಇಳಿಜಾರಿನಲ್ಲಿ ಬ್ರೇಕ್ ಸುಡದ ಹಾಗೆ ಗೇರ್‌ನಲ್ಲೇ ಇಳಿಸೋದು ಅವರು ಕಲಿತದ್ದು ಹಾಗೆ.

ಈಗ ಹೆಚ್ಚಿನ ಗಾಡಿಗಳಲ್ಲಿ ಕ್ಲೀನರ್ ಇಲ್ಲ. ಡೀಸೆಲ್, ಟೋಲ್, ಇಎಂಐ ಕಳೆದರೆ ಮಾಲೀಕರಿಗೆ ಎರಡನೇ ಸಂಬಳ ಕೊಡೋಕೆ ಆಗಲ್ಲ. ಒಬ್ಬರ ಖರ್ಚು ಉಳಿಸಿದೆವು ಅಂದುಕೊಂಡೆವು, ಡ್ರೈವರ್ ತಯಾರಾಗುತ್ತಿದ್ದ ಶಾಲೆಯೇ ಮುಚ್ಚಿಹೋಯ್ತು.

ಕಾನೂನಿನ ದಾರಿಯೂ ಉದ್ದ. ಸಾರಿಗೆ ವಾಹನ ಓಡಿಸೋಕೆ 20 ವರ್ಷ ತುಂಬಿರಬೇಕು. ಅದರ ಕಲಿಕಾ ಲೈಸೆನ್ಸ್ ಸಿಗಬೇಕಾದರೆ ಕನಿಷ್ಠ ಒಂದು ವರ್ಷ ಲಘು ವಾಹನದ ಲೈಸೆನ್ಸ್ ಇಟ್ಟುಕೊಂಡಿರಬೇಕು. ಸುರಕ್ಷತೆ ದೃಷ್ಟಿಯಿಂದ ಇದು ಸರಿಯೇ. ಆದರೆ ಪಿಯುಸಿ ಮುಗಿಸಿದ ಹುಡುಗ ಅಲ್ಲಿಯವರೆಗೆ ಸುಮ್ಮನೆ ಕೂರಲ್ಲ. ಬೈಕ್ ಹಿಡಿದು ಡೆಲಿವರಿಗೆ ಹೋಗ್ತಾನೆ. ಆ ಕೆಲಸದಲ್ಲೂ ಕಷ್ಟ ಇದೆ, ಆದರೆ ರಾತ್ರಿ ಮನೆಗೆ ಬರಬಹುದು. ಆಮೇಲೆ ಅವನು ಲಾರಿ ಕಡೆ ತಿರುಗಿ ನೋಡಲ್ಲ.

ಸರ್ಕಾರಕ್ಕೆ ಈ ಕೊರತೆ ಗೊತ್ತಿಲ್ಲ ಅಂತಲ್ಲ. ದೇಶದಲ್ಲಿ ಸುಮಾರು 22 ಲಕ್ಷ ಚಾಲಕರ ಕೊರತೆ ಇದೆ ಅಂತ ಕೇಂದ್ರ ಸಾರಿಗೆ ಸಚಿವಾಲಯ 2019ರಲ್ಲೇ ಹೇಳಿತ್ತು. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋ ನಿಯಮವನ್ನ ಆ ವರ್ಷವೇ ಕೈಬಿಟ್ಟಿತು. ಬಾಗಿಲು ದೊಡ್ಡದಾಯ್ತು, ನಿಜ. ಒಳಗೆ ಬಂದವರು ಯಾಕೆ ನಿಲ್ಲುತ್ತಿಲ್ಲ ಅನ್ನೋದು ನನಗೆ ಅರ್ಥವಾಗಿದ್ದು ನಮ್ಮ ಗೇಟಿನಲ್ಲೇ.

ಇಪ್ಪತ್ತಾರು ಗಂಟೆ

ದೀಪಾವಳಿಗೆ ಎರಡು ತಿಂಗಳ ಮೊದಲು ನಮ್ಮ ಒಳ್ಳೆಯ ಡ್ರೈವರ್ ಒಬ್ಬರು ಕೀ ತಂದು ನನ್ನ ಟೇಬಲ್ ಮೇಲಿಟ್ಟರು. ಹಿರಿಯೂರಿನವರು, ಹದಿನೆಂಟು ವರ್ಷದ ಅನುಭವ. ಒಂದೇ ಒಂದು ಆಕ್ಸಿಡೆಂಟ್ ಇಲ್ಲ. ಸಂಬಳ ಜಾಸ್ತಿ ಬೇಕೇನೋ ಅಂದುಕೊಂಡು ಕೇಳಿದೆ.

"ಸಂಬಳದ ಮಾತಲ್ಲ ಸಾರ್. ಗಾಡಿ ಓಡಿಸೋಕೆ ನನಗೆ ಬೇಜಾರಿಲ್ಲ. ನಿಲ್ಲಿಸಿಕೊಂಡು ಕೂರೋಕೆ ಆಗಲ್ಲ. ಮೊನ್ನೆ ನಿಮ್ಮ ಗೇಟ್ ಹೊರಗೆ ಇಪ್ಪತ್ತಾರು ಗಂಟೆ ಕೂತಿದ್ದೆ."

ಲೆಕ್ಕ ತೆಗೆದು ನೋಡಿದೆ. ನಿಜ. ಆ ದಿನ ಬೆಳಿಗ್ಗೆ ಆರಕ್ಕೇ ಎಲ್ಲಾ ಗಾಡಿಗಳನ್ನ ಕರೆಸಿದ್ದು ನಾನು. ಯಾವುದೂ ಲೇಟಾಗಬಾರದು ಅಂತ ನಾನು ಪಾಲಿಸುತ್ತಿದ್ದ ಪದ್ಧತಿ ಅದು. ಒಂದು ಸಲಕ್ಕೆ ಮೂರೇ ಗಾಡಿಗೆ ಲೋಡ್ ಮಾಡೋ ಜಾಗ ಇದ್ದ ಕಡೆ ಹನ್ನೆರಡು ಗಾಡಿ ಕರೆಸಿದರೆ ಉಳಿದವು ಸರ್ವಿಸ್ ರಸ್ತೆಯಲ್ಲಿ ಸಾಲಾಗಿ ನಿಲ್ಲಲೇಬೇಕು. ಅವರಿಗೆ ದುಡ್ಡು ಟ್ರಿಪ್ಪಿನ ಲೆಕ್ಕ, ಕಾದ ಹೊತ್ತಿಗೆ ಒಂದು ಪೈಸೆ ಇಲ್ಲ. ಗೋದಾಮಿನ ಟಾಯ್ಲೆಟ್ ಸ್ಟಾಫ್‌ಗೆ ಮಾತ್ರ ಅಂತ ಬೋರ್ಡ್ ಬೇರೆ. ಹೋಗ್ತಾ ದಾರಿಯಲ್ಲಿ ಹಿರಿಯೂರಿನಲ್ಲಿ ಅರ್ಧ ದಿನ ಮನೆ ಕಂಡು ಹೋಗೋಣ ಅಂದುಕೊಂಡಿದ್ದ ಮನುಷ್ಯ, ಆ ಅರ್ಧ ದಿನವನ್ನ ನಮ್ಮ ಗೇಟಿನ ಮುಂದೆ ಕಳೆದಿದ್ದರು. ಆಮೇಲೆ ತಡವಾದ ಲೋಡು ಮುಟ್ಟಿಸಲು ನಿದ್ದೆಗೆಟ್ಟು ಓಡಿಸಿದ್ದರು. ತಡ ಮಾಡಿದ್ದು ನಾವು, ನಿದ್ದೆಗೆಟ್ಟಿದ್ದು ಅವರು.

ಈಗ ಅವರು ಊರಿನಲ್ಲೇ ಸ್ಕೂಲ್ ವ್ಯಾನ್ ಓಡಿಸ್ತಾರೆ. ದುಡ್ಡು ಕಡಿಮೆ. ಸಂಜೆ ಐದಕ್ಕೆ ಮನೆಯಲ್ಲಿರ್ತಾರೆ.

ಹೊಣೆ ಯಾರದು?

ಕಾನೂನುಗಳು ಇಲ್ಲದೇ ಇಲ್ಲ. 1961ರಲ್ಲೇ ಬಂದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತ್ತು. ಐದು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೆರಡು ಲಾರಿ ಇಟ್ಟುಕೊಂಡ ಮಾಲೀಕರು ಅದರ ಹೊರಗೇ ಉಳಿದರು. 2024ರ ಫೆಬ್ರವರಿಯಲ್ಲಿ, ರಾಷ್ಟ್ರೀಯ ಹೆದ್ದಾರಿಗಳಲ್ಲಿ ಚಾಲಕರಿಗಾಗಿ ಮೊದಲ ಹಂತದಲ್ಲಿ 1,000 ವಿಶ್ರಾಂತಿ ಕಟ್ಟಡಗಳ ಯೋಜನೆಯನ್ನ ಪ್ರಧಾನಿ ಪ್ರಕಟಿಸಿದರು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಒಳ್ಳೆಯದೇ. ಆದರೆ ಅದು ಹೊಸ ಗಾಡಿಗಳಿಗೆ. ಇವತ್ತು ರಸ್ತೆಯಲ್ಲಿರುವ ಹಳೆ ಲಾರಿಯಲ್ಲಿ ಬೇಸಿಗೆಯಲ್ಲಿ ಇಂಜಿನ್ ಪಕ್ಕ ಕೂತು ನೋಡಿ.

ಜಪಾನಿನಲ್ಲೂ ಇದೇ ತಾಪತ್ರಯ. ಅಲ್ಲಿ 2024ರ ಏಪ್ರಿಲ್‌ನಿಂದ ಟ್ರಕ್ ಚಾಲಕರ ಓವರ್‌ಟೈಮ್‌ಗೆ ವರ್ಷಕ್ಕೆ 960 ಗಂಟೆಯ ಮಿತಿ ಬಂತು. ಜೊತೆಗೆ ಚಾಲಕರು ಲೋಡಿಂಗ್‌ಗಾಗಿ ಕಾಯುವ ಸಮಯ ತಗ್ಗಿಸುವ ಹೊಣೆಯನ್ನ ಸರಕು ಕಳಿಸುವ ಕಂಪನಿಗಳ ಮೇಲೂ ಹಾಕಿದರು. ಇದನ್ನ ಓದಿದಾಗ ನನಗೆ ನಮ್ಮ ಗೇಟ್ ನೆನಪಾಯ್ತು. ಕಾಯೋದು ಕಡಿಮೆಯಾದರೆ ಅದೇ ಡ್ರೈವರ್ ತಿಂಗಳಿಗೆ ಒಂದೆರಡು ಟ್ರಿಪ್ ಜಾಸ್ತಿ ಮಾಡಿಯೂ ಮನೆಗೆ ಹೋಗಬಹುದು. ನಮ್ಮ ಕೊರತೆಯ ಒಂದು ಪಾಲು ಸರ್ವಿಸ್ ರಸ್ತೆಯಲ್ಲಿ ಸುಮ್ಮನೆ ನಿಂತಿತ್ತು.

ದೀಪಾವಳಿ ಗಡಿಬಿಡಿ ಮುಗಿದ ಮೇಲೆ ಮ್ಯಾನೇಜರ್ ಹತ್ತಿರ ಹೋದೆ. ಮೂರು ಕೆಲಸ ಕೇಳಿದೆ. ಪ್ರತಿ ಗಾಡಿಗೂ ಸಮಯ ಕೊಟ್ಟು ಕರೆಸೋದು, ಟಾಯ್ಲೆಟ್ಟಿನ ಬೋರ್ಡ್ ಕಿತ್ತು ಕುಡಿಯುವ ನೀರು ಇಡೋದು, ನಾಲ್ಕು ಗಂಟೆ ಮೀರಿ ಕಾದರೆ ಡ್ರೈವರ್ ಕೈಗೇ ಭತ್ಯೆ ಕೊಡೋದು. ಮೊದಲಿನ ಎರಡಕ್ಕೆ ತಕ್ಷಣ ಒಪ್ಪಿದರು. ಭತ್ಯೆಗೆ ಮೂರು ತಿಂಗಳು ಹಿಡೀತು. ಕಾದ ಹೊತ್ತಿಗೆ ನಾವೇ ದುಡ್ಡು ತೆರಬೇಕಾದಾಗ ಲೋಡಿಂಗ್ ತಾನಾಗಿ ಚುರುಕಾಯ್ತು!

ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಹಬ್ಬದ ಸೀಸನ್ನಿಗೆ ಈಗಲೂ ಡ್ರೈವರ್ ಸಾಲಲ್ಲ. ಬಿಡ್ತೀವಿ ಅಂದಿದ್ದ ಇಬ್ಬರಲ್ಲಿ ಒಬ್ಬರು ಉಳಿದರು, ಇನ್ನೊಬ್ಬರು ಹೋದರು. ಹಿರಿಯೂರಿನವರಿಗೆ ಫೋನ್ ಮಾಡಿ ಹೇಳಿದೆ. "ಒಳ್ಳೇದು ಮಾಡಿದ್ರಿ ಸಾರ್" ಅಂದರು. ವಾಪಸ್ ಬರ್ತೀನಿ ಅನ್ನಲಿಲ್ಲ.

ಅಳಿಯನ ವಿಷಯಕ್ಕೆ ಬರ್ತೀನಿ. ಅವನಿಗೆ ಈಗ 19, ಕಾರ್ ಲೈಸೆನ್ಸ್ ಇದೆ. ಯುಗಾದಿಗೆ ಊರಿಗೆ ಹೋದಾಗ ಅಪ್ಪ, ಅಕ್ಕ, ಅವನು, ನಾನು ಜಗಲಿ ಮೇಲೆ ಕೂತೆವು. ಅಕ್ಕನಿಗೆ ಆಕ್ಸಿಡೆಂಟಿನ ಭಯ. ಅದರ ಜೊತೆಗೆ "ಡ್ರೈವರ್ ಅಂದ್ರೆ ಯಾರು ಹೆಣ್ಣು ಕೊಡ್ತಾರೆ" ಅನ್ನೋ ಚಿಂತೆ. ಎರಡನ್ನೂ ನಾನು ಸುಳ್ಳು ಅನ್ನೋ ಹಾಗಿರಲಿಲ್ಲ.

ಅವನಿಗೆ ಬೇಡ ಅನ್ನಲಿಲ್ಲ. ಕೆಲಸಕ್ಕೆ ಸೇರುವ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ತಿಂಗಳ ಸಂಬಳವೋ, ಬರೀ ಟ್ರಿಪ್ ದುಡ್ಡೋ? ಪಿಎಫ್, ವಿಮೆ ಇದೆಯಾ? ಕಾದ ಹೊತ್ತಿಗೆ ಯಾರು ಕೊಡ್ತಾರೆ? ತಿಂಗಳಿಗೆ ಎಷ್ಟು ದಿನ ಮನೆ? ನೇರವಾಗಿ ಉತ್ತರ ಕೊಡದ ಕಡೆ ಸೇರಬೇಡ ಅಂದೆ.

ಅಷ್ಟು ಹೊತ್ತು ಸುಮ್ಮನಿದ್ದ ಅಪ್ಪ ಚೀಟಿ ತೆಗೆದುಕೊಂಡು ಓದಿದರು. "ನಿಮ್ಮ ಕಂಪನಿಯಲ್ಲಿ ಈ ನಾಲ್ಕಕ್ಕೂ ಉತ್ತರ ಇದೆಯೇನೋ?" ಅಂತ ಕೇಳಿದರು.

ಎರಡಕ್ಕೆ ಇದೆ ಅಂದೆ. ಇನ್ನೆರಡಕ್ಕೆ ಈ ವರ್ಷ ಮತ್ತೆ ಮ್ಯಾನೇಜರ್ ಬಾಗಿಲು ತಟ್ಟಬೇಕು.