ತೊಡೆಯ ಪಾಸ್‌ಬುಕ್

ನಾನು ವೈದ್ಯನಲ್ಲ. ಬಿ.ಕಾಂ. ಓದಿ, ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಲೆಕ್ಕ ಬರೆಯುವ ಚಾಳಿ ಮಾತ್ರ ಎಪ್ಪತ್ತು ದಾಟಿದರೂ ಹೋಗಿಲ್ಲ. ಸುಮಾರು ಒಂದು ವರ್ಷದಿಂದ ನಾನು ಬರೆಯುತ್ತಿರುವ ಲೆಕ್ಕ ಹಣದ್ದಲ್ಲ, ಕಾಲಿನದು. ಅದರಿಂದ ತಿಳಿದದ್ದು ಆಟವಾಡುವ ಮಕ್ಕಳಿಗೂ ನನ್ನ ವಯಸ್ಸಿನವರಿಗೂ ಉಪಯೋಗಕ್ಕೆ ಬರಬಹುದು.

ನನ್ನ ಮೊಮ್ಮಗಳು ಪಿಯುಸಿ ವಿದ್ಯಾರ್ಥಿನಿ, ಖೋ ಖೋ ಆಟಗಾರ್ತಿ. ಕಳೆದ ವರ್ಷ ಪಂದ್ಯವೊಂದರಲ್ಲಿ ಕಂಬ ಸುತ್ತಿ ತಿರುಗುವಾಗ ಅವಳ ಎಡಗಾಲು ನೆಲ ಕಚ್ಚಿ ನಿಂತಿತು, ಮೈ ಮಾತ್ರ ತಿರುಗಿತು. ಯಾರೂ ತಳ್ಳಿರಲಿಲ್ಲ, ಮುಟ್ಟಿರಲೂ ಇಲ್ಲ. ಮಂಡಿಯೊಳಗೆ ‘ಟಪ್’ ಎಂದಿತಂತೆ. ಸಂಜೆಯೊಳಗೆ ಮಂಡಿ ತೆಂಗಿನಕಾಯಿಯಂತೆ ಊದಿಕೊಂಡಿತು. ಎಂಆರ್‌ಐ ತೆಗೆಸಿದಾಗ ‘ಎಸಿಎಲ್ ಹರಿದಿದೆ’ ಎಂದರು.

ಮೂಳೆಗೂ ಮೂಳೆಗೂ ಗಂಟು ಹಾಕುವ ಗಟ್ಟಿ ಹಗ್ಗಕ್ಕೆ ಅಸ್ಥಿರಜ್ಜು ಎನ್ನುತ್ತಾರೆ. ಮಂಡಿಯ ಒಳಗೆ ಅಂಥ ಎರಡು ಹಗ್ಗಗಳು ಕತ್ತರಿಯಂತೆ ಅಡ್ಡಡ್ಡ ಹಾದುಹೋಗಿವೆ. ಅವುಗಳಲ್ಲಿ ಮುಂದಿನದೇ ಎಸಿಎಲ್. ಉದ್ದ ಸುಮಾರು ಮೂರು ಸೆಂಟಿಮೀಟರ್ ಅಷ್ಟೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ಅತಿಯಾಗಿ ತಿರುಚದಂತೆ ಅದು ಹಿಡಿದಿಡುತ್ತದೆ. ಓಡುತ್ತಾ ಥಟ್ಟನೆ ನಿಲ್ಲುವುದು, ತಿರುಗುವುದು, ಹಾರಿ ಒಂಟಿ ಕಾಲಿನ ಮೇಲೆ ಇಳಿಯುವುದು, ಇಂಥ ಹೊತ್ತಿನಲ್ಲೇ ಅದು ಹರಿಯುವುದು ಹೆಚ್ಚು. ಇಂಥ ತಿರುವಿನ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಗಾಯದ ಅಪಾಯ ಜಾಸ್ತಿ.

ಹಗ್ಗ ಹರಿದದ್ದು ನಮಗೆ ಅರ್ಥವಾಯಿತು. ಬೆರಗು ಹುಟ್ಟಿಸಿದ್ದು ತೊಡೆ. ಪೆಟ್ಟು ಬಿದ್ದದ್ದು ಮಂಡಿಗೆ, ಎರಡೇ ವಾರದಲ್ಲಿ ಸೊರಗಿದ್ದು ಮಂಡಿಯ ಮೇಲಿನ ತೊಡೆ!

ಚೆಕ್ ಪಾಸಾಗುತ್ತಿಲ್ಲ

ಫಿಸಿಯೋಥೆರಪಿ ಹೇಳಿಕೊಡಲು ಬಂದಾಕೆ ಅವಳನ್ನು ಮಲಗಿಸಿ, ಎಡಗಾಲನ್ನು ನೇರವಾಗಿ ಮೇಲೆತ್ತು ಎಂದರು. ಮೊಮ್ಮಗಳು ಹಲ್ಲು ಕಚ್ಚಿದಳು, ಹಣೆಯಲ್ಲಿ ಬೆವರು ಬಂತು. ಕಾಲು ಹಾಸಿಗೆ ಬಿಟ್ಟು ಏಳಲಿಲ್ಲ. ‘ತಾತಾ, ನಾನು ಎತ್ತು ಅಂತಿದೀನಿ, ಅದು ಕೇಳ್ತಾನೇ ಇಲ್ಲ’ ಎಂದು ಅತ್ತುಬಿಟ್ಟಳು.

‘ಇದು ಸೋಮಾರಿತನವೂ ಅಲ್ಲ, ಹೆದರಿಕೆಯೂ ಅಲ್ಲ ಪುಟ್ಟಿ’ ಎಂದು ಆಕೆ ವಿವರಿಸಿದರು. ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನ ಹೆಸರು ಕ್ವಾಡ್ರಿಸೆಪ್ಸ್. ನಾಲ್ಕು ಭಾಗಗಳು ಸೇರಿ ಆಗಿರುವುದರಿಂದ ಆ ಹೆಸರು. ಮಂಡಿಯನ್ನು ನೇರ ಮಾಡುವುದು, ಮೆಟ್ಟಿಲಿಳಿಯುವಾಗ ನಮ್ಮನ್ನು ಹಿಡಿದಿಡುವುದು ಅದರ ಕೆಲಸ. ಮಂಡಿಯಲ್ಲಿ ನೀರು ತುಂಬಿ ಊದಿದರೆ ಅಲ್ಲಿನ ನರಗಳು ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ. ಬೆನ್ನುಹುರಿ ತೊಡೆಯ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆದುಬಿಡುತ್ತದೆ. ಆರೋಗ್ಯವಂತರ ಮಂಡಿಯೊಳಗೆ ಬರೀ ಉಪ್ಪುನೀರು ತುಂಬಿಸಿ ನೋಡಿದ ಪ್ರಯೋಗಗಳಲ್ಲೂ, ನೋವೇ ಇಲ್ಲದಿದ್ದರೂ, ತೊಡೆಯ ಸ್ನಾಯು ದುರ್ಬಲವಾಯಿತು.

ನಮ್ಮ ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಖಾತೆಯಲ್ಲಿ ಹಣವಿದೆ, ಚೆಕ್ಕೂ ಬರೆದಾಗಿದೆ, ಕೌಂಟರಿನಲ್ಲಿ ಪಾಸಾಗುತ್ತಿಲ್ಲ. ಹಾಗೆ ಕೆಲಸವಿಲ್ಲದೆ ಕುಳಿತ ಸ್ನಾಯು ದಿನದಿನಕ್ಕೂ ಕರಗುತ್ತದೆ. ಆದ್ದರಿಂದ ಮೊದಲ ಕೆಲಸ ಊತ ಇಳಿಸುವುದು, ಮಂಡಿ ಪೂರ್ತಿ ನೇರವಾಗುವಂತೆ ಮಾಡುವುದು, ತೊಡೆಯನ್ನು ಎಚ್ಚರಿಸುವುದು. ಶಸ್ತ್ರಚಿಕಿತ್ಸೆ ಆಮೇಲೆ ಎಂದರು ವೈದ್ಯರು.

ಭಾನುವಾರದ ಅಳತೆ

ಅಂದೇ ನಾನು ಒಂದು ನೋಟ್‌ಬುಕ್ ತೆರೆದೆ. ಪ್ರತಿ ಭಾನುವಾರ ಬೆಳಿಗ್ಗೆ ಟೈಲರ್ ಟೇಪು ಹಿಡಿದು, ಮಂಡಿಚಿಪ್ಪಿನ ಮೇಲಂಚಿನಿಂದ 10 ಸೆಂ.ಮೀ. ಮೇಲೆ ಗುರುತು ಮಾಡಿ, ಎರಡೂ ತೊಡೆಗಳ ಸುತ್ತಳತೆ ಬರೆಯುವುದು. ಮೊದಲ ದಿನ ಬಲ 45, ಎಡ 42. ಶಸ್ತ್ರಚಿಕಿತ್ಸೆಯಾದ ಮೂರನೇ ವಾರ ಎಡ 40ಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಹೋಗಲಿಲ್ಲ.

ಜಮಾ ಮಾತ್ರ ಚಿಲ್ಲರೆ ಕಾಸಿನಲ್ಲಿ. ಕಾಲು ನೀಡಿ ಕುಳಿತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಹಿಡಿದು ಐದು ಎಣಿಸುವುದು. ನೇರ ಕಾಲನ್ನು ಒಂದು ಗೇಣು ಎತ್ತಿ ಇಳಿಸುವುದು. ಆಮೇಲಾಮೇಲೆ ಕುರ್ಚಿಯಿಂದ ಏಳುವುದು, ಮೆಟ್ಟಿಲು, ಕಡೆಗೆ ಭಾರ. ಕಾಲು ಮೊದಲ ಸಲ ಹಾಸಿಗೆ ಬಿಟ್ಟು ಮೇಲೆದ್ದ ದಿನ ಅವಳಜ್ಜಿ ಪಾಯಸ ಮಾಡಿದಳು. ಎರಡು ವಾರದಲ್ಲಿ ಖರ್ಚಾದದ್ದು ತುಂಬಲು ತಿಂಗಳುಗಳೇ ಹಿಡಿದವು.

ಐದನೇ ತಿಂಗಳಲ್ಲಿ ಮನೆಯಲ್ಲಿ ಜಗಳವೂ ಆಯಿತು. ನೋವಿಲ್ಲ, ಕುಂಟುವುದಿಲ್ಲ, ಗೆಳತಿಯರು ಜಿಲ್ಲಾ ಪಂದ್ಯಕ್ಕೆ ಹೊರಟಿದ್ದಾರೆ. ‘ನಾನೂ ಆಡ್ತೀನಿ’ ಎಂದು ಹಟ ಹಿಡಿದಳು. ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕೆ ಮರಳಿದವರಿಗೆ ಮತ್ತೆ ಗಾಯವಾಗುವ ಸಂಭವ ಹೆಚ್ಚು ಎಂದು ವೈದ್ಯರು ಎಚ್ಚರಿಸಿದರು. ಟೇಪಿನ ಅಳತೆಯನ್ನೂ ಪೂರ್ತಿ ನಂಬುವಂತಿಲ್ಲ. ಊತ, ಕೊಬ್ಬು ಎರಡೂ ಟೇಪಿಗೆ ಸ್ನಾಯುವಿನಂತೆಯೇ ಕಾಣುತ್ತವೆ. ಅದಕ್ಕೇ ಯಂತ್ರದಲ್ಲಿ ಕಾಲಿನ ಬಲ ಅಳೆಯುತ್ತಾರೆ. ಗಾಯವಾದ ಕಾಲಿಗೆ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಬಲ ಬರಬೇಕು. ಅವಳದು ಆಗ ಶೇ 65. ಪಂದ್ಯಕ್ಕೆ ಹೋದಳು, ಬೆಂಚಿನ ಮೇಲೆ ಕುಳಿತು ಅಂಕ ಬರೆದಳು. ಬಂದವಳು ರಾತ್ರಿ ನನ್ನೊಡನೆ ಮಾತಾಡಲಿಲ್ಲ.

ಅವಳ ಕೋಣೆಯ ಗೋಡೆಯಲ್ಲಿ ಈಗ ರಿಷಭ್ ಪಂತ್ ಚಿತ್ರವಿದೆ. 2022ರ ಡಿಸೆಂಬರ್ 30ರಂದು ಕಾರು ಅಪಘಾತದಲ್ಲಿ ಅವರ ಬಲಮಂಡಿಯ ಅಸ್ಥಿರಜ್ಜುಗಳು ಹರಿದಿದ್ದವು. ಶಸ್ತ್ರಚಿಕಿತ್ಸೆಯ ನಂತರ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಿ, 2024ರ ಮಾರ್ಚ್‌ನಲ್ಲಿ ಐಪಿಎಲ್‌ಗೆ ಮರಳಿದರು. ನಡುವೆ ಹೆಚ್ಚುಕಡಿಮೆ ಹದಿನೈದು ತಿಂಗಳು.

ಈಗ ಇವಳಿಗೆ ಶಸ್ತ್ರಚಿಕಿತ್ಸೆಯಾಗಿ ಹತ್ತು ತಿಂಗಳು. ಎಡತೊಡೆ 44. ಬಲ ಶೇ 86. ಇನ್ನೂ ನಾಲ್ಕು ಬಾಕಿ.

ಅಜ್ಜ-ಅಜ್ಜಿಯರ ಖಾತೆ

ಮೊಮ್ಮಗಳಿಗೆ ಜೊತೆಯಾಗಲೆಂದು ಟವೆಲ್ ಹಿಡಿದು ಕುಳಿತ ನಾನು ನನ್ನ ತೊಡೆಯನ್ನೂ ಅಳೆದೆ. ನಮ್ಮ ವಯಸ್ಸಿನಲ್ಲಿ ಗಾಯವೇ ಬೇಡ, ಮಲಗಿದರೆ ಸಾಕು. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಅಷ್ಟರಲ್ಲಿ ಅವರ ಕಾಲುಗಳಿಂದ ಸರಾಸರಿ ಒಂದು ಕಿಲೋದಷ್ಟು ಕೊಬ್ಬಲ್ಲದ ಅಂಶ, ಹೆಚ್ಚಾಗಿ ಸ್ನಾಯು, ಕರಗಿತ್ತು. ಎಂಟು ದಿನ ಜ್ವರದಿಂದ ಮಲಗಿ ಎದ್ದ ನನ್ನಾಕೆಗೆ ಗೋಡೆ ಹಿಡಿಯದೆ ಏಳಲಾಗದಿದ್ದುದು ಯಾಕೆಂದು ಆಗ ತಿಳಿಯಿತು.

ಸಂತೋಷದ ಸುದ್ದಿಯೂ ಇದೆ. 1990ರಲ್ಲಿ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅದನ್ನು ಮುಗಿಸಿದವರ ತೊಡೆಯ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತು. ಈ ಖಾತೆಗೆ ಜಮಾ ಮಾಡಲು ವಯಸ್ಸಿನ ಮಿತಿಯಿಲ್ಲ. ಜೊತೆಗೆ ಬೇಳೆ, ಕಾಳು, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ ತಟ್ಟೆಯಲ್ಲಿರಲಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿ ಪ್ರಮಾಣ ಹೆಚ್ಚಿಸಲಿ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಕೈಗಳಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿಡಿ. ಅಜ್ಜ ಅಥವಾ ಅಜ್ಜಿ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ಪಕ್ಕದಲ್ಲಿ ದೊಡ್ಡವರೊಬ್ಬರು ನಿಂತಿರಲಿ. ಮಂಡಿಗೆ ಹೊಸ ಗಾಯವಾದವರು, ಎದೆನೋವು, ತಲೆಸುತ್ತು ಇರುವವರು ಮಾಡುವುದು ಬೇಡ. 70ರಿಂದ 74ರ ವಯಸ್ಸಿನ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಹೆಚ್ಚೆಂದು ಅರ್ಥ, ವೈದ್ಯರಿಗೆ ತಿಳಿಸಿ. ನನ್ನದು 11 ಇದ್ದದ್ದು ಈಗ 14 ಆಗಿದೆ, ನನ್ನಾಕೆಯದು 7ರಿಂದ 10ಕ್ಕೆ ಬಂದಿದೆ. ನೀವೂ ದಿನಾಂಕ ಹಾಕಿ ಬರೆದಿಡಿ, ತಿಂಗಳು ಬಿಟ್ಟು ಮತ್ತೆ ಎಣಿಸಿ.