ಬ್ಯಾಗ್ ತುಂಬೋದು ಆ ಒಂದು ಗಂಟೆಗಾಗಿ

ಕಳೆದ ಭಾನುವಾರ ತ್ಯಾಗರಾಜನಗರದ ಗೆಳೆಯನ ಮನೆಯ ಹಾಲ್‌ನಲ್ಲಿ ನಾಲ್ಕು ಬ್ಯಾಗುಗಳು ಸಾಲಾಗಿ ಕೂತಿದ್ದವು. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ, ಡಿಸೆಂಬರ್ ಕೊನೆಗೆ, ನಾವು ನಾಲ್ವರೂ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದ್ದೇವೆ. ನಾಲ್ಕು ದಿನ ನಡಿಗೆ, ರಾತ್ರಿ ಟೆಂಟಿನಲ್ಲಿ ವಾಸ. ಬ್ಯಾಗುಗಳನ್ನು ಒಂದೊಂದಾಗಿ ತೂಕದ ಮೆಷಿನ್ ಮೇಲಿಟ್ಟೆವು. ಎಲ್ಲಕ್ಕಿಂತ ಹಗುರದ್ದು 13 ಕೆಜಿ, ಭಾರದ್ದು 16. ಕಾಫಿ ತಂದ ಗೆಳೆಯನ ಅಮ್ಮ ಆ ಸಾಲನ್ನು ಒಮ್ಮೆ ನೋಡಿ, "ಮನೆ ಖಾಲಿ ಮಾಡ್ಕೊಂಡು ಹೋಗ್ತಿದೀರೇನ್ರೋ?" ಅಂದರು.

ನಗು ಬಂತು. ಆದರೆ ಹೋದ ವರ್ಷ ಕುಮಾರಪರ್ವತದಲ್ಲಿ ಆದದ್ದು ನೆನಪಾಗಿ ನಗು ಅಲ್ಲೇ ನಿಂತಿತು. ಎಲ್ಲ ಬ್ಯಾಗುಗಳನ್ನೂ ಮತ್ತೆ ನೆಲಕ್ಕೆ ಸುರಿದೆವು. ಆಮೇಲೆ ಏನೇನು ಒಳಗೆ ಹೋಯ್ತು, ಏನೇನು ಹೊರಗೇ ಉಳೀತು, ಯಾಕೆ ಅನ್ನೋದೇ ಈ ಬರಹ. ಮೊದಲ ಸಲ ಎರಡು-ಮೂರು ದಿನದ ಚಾರಣಕ್ಕೆ ಹೊರಡೋ ಜೂನಿಯರ್‌ಗಳಿಗೆ ಉಪಯೋಗ ಆಗಬಹುದು.

ಕುಮಾರಪರ್ವತದ ಆ ಹತ್ತು ನಿಮಿಷ

ಕುಮಾರಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ಮೊದಲು ಕಾಡು, ನಡುವೆ ಭಟ್ಟರ ಮನೆ, ಅದರಾಚೆ ಬೋಳು ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ, ಕೊನೆಗೆ ತುದಿ. ಭಟ್ಟರ ಮನೆ ದಾಟಿದ ಮೇಲೆ ಬಹಳ ದೂರ ಮರದ ಮರೆ ಇಲ್ಲ. ಗಾಳಿ ನೇರವಾಗಿ ಮೈಗೇ ಹೊಡೆಯುತ್ತೆ.

ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ. ಎರಡನೇ ದಿನ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ನಾಲ್ವರಿಗೂ ಸೇರಿ ಎರಡು ಬ್ಯಾಗ್. ಅದರಲ್ಲಿ ಬ್ಲೂಟೂತ್ ಸ್ಪೀಕರ್, ಟ್ರೈಪಾಡ್, ಬೆಡ್‌ಶೀಟ್, ತಿಂಡಿ ಡಬ್ಬಿ, ಎಲ್ಲಕ್ಕಿಂತ ತಳದಲ್ಲಿ ರೇನ್‌ಕೋಟ್. ಬಿಸಿಲಿದೆಯಲ್ಲ, ಅದ್ಯಾಕೆ ಮೇಲೆ ಅಂತ ಮೊದಲೇ ತುಂಬಿಬಿಟ್ಟಿದ್ದೆವು. ಶೇಷಪರ್ವತ ಇಳಿಯುವಾಗ ಮಳೆ ಹಿಡಿಯಿತು. ರೇನ್‌ಕೋಟ್ ತೆಗೆಯೋದಕ್ಕೆ ಇಡೀ ಬ್ಯಾಗ್ ಹುಲ್ಲಿನ ಮೇಲೆ ಬಿಚ್ಚಬೇಕಾಯ್ತು. ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾವೂ ನೆನೆದಿದ್ದೆವು, ಬ್ಯಾಗಿನೊಳಗಿನದ್ದೂ ಅರ್ಧ ನೆನೆದಿತ್ತು.

ನಮ್ಮಲ್ಲೊಬ್ಬ ಜೀನ್ಸ್, ಕಾಟನ್ ಟೀ-ಶರ್ಟ್ ಹಾಕಿದ್ದ. ಸ್ವಲ್ಪ ಹೊತ್ತಿಗೆ ನಡುಕ ಶುರುವಾಯ್ತು. ಆಮೇಲೆ ಮಾತು ತೊದಲಿತು. ಬಿಚ್ಚಿಹೋದ ಶೂ ಲೇಸ್ ಕಟ್ಟೋಕೆ ಅವನ ಬೆರಳು ಬಗ್ಗಲಿಲ್ಲ. ನಾವು ತಮಾಷೆ ಮಾಡಿದೆವು. ಅದು ತಮಾಷೆಯಲ್ಲ, ದೇಹದ ಉಷ್ಣತೆ ಕುಸಿಯೋದರ ಮೊದಲ ಗುರುತು ಅಂತ ಆಗ ಗೊತ್ತಿರಲಿಲ್ಲ. ವೈದ್ಯರು ಇದನ್ನು ಹೈಪೋಥರ್ಮಿಯಾ ಅಂತಾರೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಆಗೋದು. ಒದ್ದೆ ಅಂಗಿ ಬಿಚ್ಚಿಸಿ, ಇದ್ದ ಒಂದೇ ಒಣ ಅಂಗಿ ತೊಡಿಸಿ, ಬೆಲ್ಲದ ಚಿಕ್ಕಿ ತಿನ್ನಿಸಿ, ಕೈ ಹಿಡಿದು ಭಟ್ಟರ ಮನೆವರೆಗೂ ಇಳಿಸಿದೆವು. ಅಲ್ಲಿ ಒಲೆ ಇತ್ತು, ಬಿಸಿ ಕಾಫಿ ಇತ್ತು. ಇನ್ನೆರಡು ಗಂಟೆ ಹೆಚ್ಚು ದೂರ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸೋಕೆ ಈಗಲೂ ಭಯ.

2024ರ ಜೂನ್ ಮೊದಲ ವಾರದ ಸುದ್ದಿ ನಿಮಗೂ ನೆನಪಿರಬಹುದು. ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ತಂಡದ ಬಹುಪಾಲು ಮಂದಿ ನಮ್ಮ ಕರ್ನಾಟಕದವರು. ಅನುಭವಿಗಳೂ ಇದ್ದರು. ಹಾಗಾಗಿ ಅವರ ತಪ್ಪು-ಒಪ್ಪು ಹೇಳೋದು ನಮ್ಮ ಕೆಲಸ ಅಲ್ಲ. ಬೆಟ್ಟದಲ್ಲಿ ಹವಾಮಾನ ಯಾರನ್ನೂ ಕೇಳಿ ಬದಲಾಗೋದಿಲ್ಲ ಅನ್ನೋದನ್ನಷ್ಟೇ ನಾವು ತಲೆಯಲ್ಲಿಟ್ಟುಕೊಂಡೆವು. ಚಾರಣದ ಹೆಚ್ಚಿನ ಹೊತ್ತು ಯಾವ ಬ್ಯಾಗ್ ಇದ್ದರೂ ನಡೆಯುತ್ತೆ. ಎಲ್ಲೋ ಒಂದು ಕೆಟ್ಟ ಗಂಟೆ ಬರುತ್ತೆ. ಬ್ಯಾಗ್ ತುಂಬಬೇಕಾದ್ದು ಆ ಗಂಟೆಗೆ.

ಒದ್ದೆ ಬಟ್ಟೆಯ ಲೆಕ್ಕ

ನಾವು ಎಂಜಿನಿಯರಿಂಗ್‌ನವರಲ್ವಾ, ಒಂದು ಲೆಕ್ಕ ಹಾಕೋಣ. ನೆನೆದ ಜೀನ್ಸ್ ಮತ್ತು ಟೀ-ಶರ್ಟ್ ಸೇರಿ ಅರ್ಧ ಲೀಟರ್ ನೀರು ಹಿಡಿದಿವೆ ಅಂದುಕೊಳ್ಳಿ. ಮೈಯ ಉಷ್ಣತೆಯಲ್ಲಿ ಒಂದು ಕೆಜಿ ನೀರು ಆವಿಯಾಗೋಕೆ ಸುಮಾರು 2,400 ಕಿಲೋಜೂಲ್ ಬೇಕು. ಅರ್ಧ ಲೀಟರಿಗೆ 1,200. ಸುಮ್ಮನೆ ಕೂತ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಾಖ ಕೊಡುತ್ತೆ. ಭಾಗಿಸಿದರೆ 12,000 ಸೆಕೆಂಡ್, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಬಿಸಿಲಿದ್ದರೆ ಆ ಶಾಖದಲ್ಲಿ ಒಂದು ಪಾಲು ಸೂರ್ಯ ಕೊಡ್ತಾನೆ. ಮೋಡ ಮುಚ್ಚಿ ಗಾಳಿ ಬೀಸುವಾಗ ಹೆಚ್ಚಿನದನ್ನು ನಿಮ್ಮ ಮೈಯೇ ಕೊಡಬೇಕು.

ಅದಕ್ಕೇ ಕಾಟನ್ ಬೇಡ ಅನ್ನೋದು. ಹತ್ತಿ ನೀರು ಕುಡಿದು ಹಿಡಿದುಕೊಳ್ಳುತ್ತೆ, ಬೇಗ ಒಣಗಲ್ಲ. ಪಾಲಿಯೆಸ್ಟರ್ ಹೆಚ್ಚು ನೀರು ಹೀರಲ್ಲ, ಬೇಗ ಒಣಗುತ್ತೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತೆ.

ಚಳಿಗೆ ಒಂದು ದಪ್ಪ ಸ್ವೆಟರ್‌ಗಿಂತ ಮೂರು ತೆಳು ಪದರ ಮೇಲು. ಮೈಗೆ ಅಂಟಿದ ಹಾಗೆ ಬೆವರು ಹೊರಹಾಕೋ ಥರ್ಮಲ್ ಅಥವಾ ಜಿಮ್ ಟೀ-ಶರ್ಟ್. ಅದರ ಮೇಲೆ ಗಾಳಿಯನ್ನು ಹಿಡಿದಿಟ್ಟುಕೊಳ್ಳೋ ಫ್ಲೀಸ್ ಅಥವಾ ಉಣ್ಣೆ. ಎಲ್ಲಕ್ಕಿಂತ ಹೊರಗೆ ಗಾಳಿ-ಮಳೆ ತಡೆಯೋ ಜಾಕೆಟ್. ಹತ್ತುವಾಗ ಬೆವರೋ ಮೊದಲೇ ಒಂದು ಪದರ ತೆಗೀರಿ, ನಿಂತ ತಕ್ಷಣ ಹಾಕಿಕೊಳ್ಳಿ. ಬೆವರಿನಿಂದ ನೆನೆದರೂ ಮಳೆಯಿಂದ ನೆನೆದರೂ ಲೆಕ್ಕ ಒಂದೇ.

ಕೇದಾರಕಂಠದ ತುದಿ ಸುಮಾರು 3,800 ಮೀಟರ್, ಬೆಂಗಳೂರು ಸುಮಾರು 920. ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಕಮ್ಮಿಯಾಗುತ್ತೆ ಅಂದರೆ ಎತ್ತರದಿಂದಲೇ 19 ಡಿಗ್ರಿ ಹೋಯ್ತು. ಉತ್ತರದ ಚಳಿ, ಹಿಮದ ಮೇಲಿನ ಗಾಳಿ ಬೇರೆ. ಹಾಗಾಗಿ ಅಲ್ಲಿಗೆ ಈ ಮೂರರ ಜೊತೆ ಒಂದು ದಪ್ಪ ತುಂಬಿದ ಜಾಕೆಟ್ಟೂ ಬೇಕು. ನಡೆಯುವಾಗಲ್ಲ, ನಿಂತಾಗ ಮತ್ತು ಕ್ಯಾಂಪಿನಲ್ಲಿ ಹಾಕೋಕೆ.

ಯಾವುದು ಎಲ್ಲಿ

ಬ್ಯಾಗಿನ ತೂಕ ನಿಮ್ಮ ತೂಕದ ಐದನೇ ಒಂದು ಭಾಗ ಮೀರದಿರಲಿ. 60 ಕೆಜಿ ಇದ್ದವರಿಗೆ 12 ಕೆಜಿ ಗಡಿ. ನಾವು ಇಟ್ಟುಕೊಂಡ ಗುರಿ 10.

ಮೊದಲು ಬ್ಯಾಗಿನೊಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ, ಎಲ್ಲವನ್ನೂ ಅದರೊಳಗೆ ತುಂಬಿ. ಹೊರಗಿನ ರೇನ್‌ಕವರ್ ಗಾಳಿಗೆ ಹಾರಿಹೋದರೂ ಒಳಗಿನದ್ದು ಒಣಗಿರುತ್ತೆ. ತಳದಲ್ಲಿ ರಾತ್ರಿ ಮಾತ್ರ ಬೇಕಾಗೋದು: ಮಲಗೋ ಬಟ್ಟೆ, ಹೆಚ್ಚುವರಿ ಸಾಕ್ಸ್. ಭಾರದ ಸಾಮಾನು ಬೆನ್ನಿಗೆ ಅಂಟಿಕೊಂಡ ಹಾಗೆ ನಡುಭಾಗದಲ್ಲಿ. ಭಾರ ಹಿಂದಕ್ಕೆ ಹೋದಷ್ಟೂ ಅದರ ಟಾರ್ಕ್ ನಿಮ್ಮನ್ನು ಹಿಂದಕ್ಕೆ ಎಳೆಯುತ್ತೆ, ಸರಿದೂಗಿಸೋಕೆ ನೀವು ಮುಂದಕ್ಕೆ ಬಾಗ್ತೀರಿ, ಸಂಜೆಗೆ ಸೊಂಟ ಹಿಡಿಯುತ್ತೆ. ಸೊಂಟದ ಬೆಲ್ಟ್ ಬಿಗಿಯಾಗಿ ಕಟ್ಟಿ. ಭಾರ ಹೊರಬೇಕಾದ್ದು ಸೊಂಟ, ಭುಜ ಅಲ್ಲ.

ಬ್ಯಾಗಿನ ಬಾಯಿಯಲ್ಲಿ, ಜಿಪ್ ತೆಗೆದ ಕೂಡಲೇ ಕೈಗೆ ಸಿಗೋ ಹಾಗೆ ನಾವು ಇಟ್ಟದ್ದು ಇವಿಷ್ಟೇ:

- ಮಳೆ-ಗಾಳಿ ಜಾಕೆಟ್
- ಒಂದು ಒಣ ಬನಿಯನ್, ಒಂದು ಜೊತೆ ಒಣ ಸಾಕ್ಸ್, ಗ್ಲೌಸ್, ಟೋಪಿ (ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ)
- ಹೆಡ್‌ಲ್ಯಾಂಪ್ ಮತ್ತು ಹೆಚ್ಚುವರಿ ಸೆಲ್
- ಚಿಕ್ಕಿ, ಒಣದ್ರಾಕ್ಷಿ
- ಔಷಧಿ ಪೊಟ್ಟಣ, ಸೀಟಿ

ಹೊರಗೆ ಹೋದದ್ದು: ಸ್ಪೀಕರ್, ಟ್ರೈಪಾಡ್, ಎರಡು ಜೀನ್ಸ್, ಮೂರು ಟೀ-ಶರ್ಟ್, ಪೂರ್ತಿ ಬಾಟಲ್ ಶಾಂಪೂ, ದಪ್ಪ ಟರ್ಕಿ ಟವೆಲ್. ಒಬ್ಬನ ಬ್ಯಾಗಿನಿಂದ ಸಿಗ್ನಲ್ಸ್ ಟೆಕ್ಸ್ಟ್‌ಬುಕ್ಕೂ ಹೊರಬಂತು, ಬ್ಯಾಕ್‌ಲಾಗ್ ಭಯ ಪಾಪ. ನಾಲ್ವರಿಗೂ ಸೇರಿ ಒಂದೇ ಟೂತ್‌ಪೇಸ್ಟ್, ಒಂದೇ ಸನ್‌ಸ್ಕ್ರೀನ್. ಭಾರದ ಬ್ಯಾಗೂ 11ಕ್ಕೆ ಇಳೀತು.

ತಿನ್ನೋದು

ಪ್ರೋಟೀನ್ ಬಾರ್ ಕೊಳ್ಳೋ ದುಡ್ಡು ನಮ್ಮಲ್ಲಿಲ್ಲ, ಅಗತ್ಯವೂ ಇಲ್ಲ. ಗಾಂಧಿ ಬಜಾರಿಗೆ ಹೋದರೆ ಬೇಕಾದ್ದೆಲ್ಲ ಸಿಗುತ್ತೆ. ನೂರು ಗ್ರಾಂ ಕಡಲೇಕಾಯಿ ಬೀಜದಲ್ಲಿ 550 ಕಿಲೋಕ್ಯಾಲೊರಿಗಿಂತ ಹೆಚ್ಚು ಶಕ್ತಿ ಇದೆ. ಅದಕ್ಕೆ ಬೆಲ್ಲ ಸೇರಿದರೆ ಚಿಕ್ಕಿ, ತಕ್ಷಣದ ಶಕ್ತಿಯೂ ಬಂತು, ನಿಧಾನದ್ದೂ ಬಂತು. ಹುರಿಗಡಲೆ, ಕೋಡುಬಳೆ, ಖರ್ಜೂರ ಕೆಡಲ್ಲ. ಚಟ್ನಿಪುಡಿ ಒಂದು ಪುಟ್ಟ ಡಬ್ಬಿ ಇರಲಿ. ಎತ್ತರದಲ್ಲಿ ಹಸಿವೇ ಆಗಲ್ಲ, ನಾಲಿಗೆಗೆ ರುಚಿ ಹತ್ತಿದರೆ ಎರಡು ತುತ್ತು ಹೆಚ್ಚು ಇಳಿಯುತ್ತೆ. ಒಂದು ಮಾತು: ಕವರುಗಳೆಲ್ಲ ನಿಮ್ಮ ಜೊತೆಯೇ ವಾಪಸ್ ಬರಬೇಕು. ಅದಕ್ಕೊಂದು ಖಾಲಿ ಚೀಲ ಇಟ್ಟುಕೊಳ್ಳಿ.

ಕಾಲಿಗೂ ಪಾಠ ಬೇಕು

ಬ್ಯಾಗ್ ಒಂದು ರಾತ್ರಿಯಲ್ಲಿ ತುಂಬಬಹುದು, ಕಾಲನ್ನು ಹಾಗೆ ತಯಾರು ಮಾಡೋಕಾಗಲ್ಲ. ಆರು ವಾರ ಮೊದಲೇ ಶುರು ಮಾಡಿ. ತ್ಯಾಗರಾಜನಗರದಿಂದ ಲಾಲ್‌ಬಾಗ್‌ವರೆಗೆ ಬೆಳಿಗ್ಗೆ ನಡೆದು, ಕೆಂಪೇಗೌಡ ಗೋಪುರ ಇರೋ ಬಂಡೆ ಹತ್ತಿಳಿದು ಬರೋದು ನಮ್ಮ ಮೊದಲ ಅಭ್ಯಾಸ. ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ನಮಗೋ ಇಪ್ಪತ್ತಕ್ಕೇ ಏದುಸಿರು.

ಆದರೆ ಬಂಡೆ ಚಿಕ್ಕದು. ಬೆಟ್ಟದಲ್ಲಿ ಒಂದು ದಿನಕ್ಕೆ 600 ಮೀಟರ್ ಏರೋದು ಮಾಮೂಲು. ನೆಲದಿಂದ ನಾಲ್ಕನೇ ಮಹಡಿಗೆ ಸುಮಾರು 12 ಮೀಟರ್, ಹಾಗಾದರೆ 50 ಸಲ ಹತ್ತಬೇಕು. ಮೊದಲ ವಾರ ಹತ್ತು ಸಲ, ಆಮೇಲೆ ವಾರಕ್ಕೆ ಐದೈದು ಹೆಚ್ಚಿಸುತ್ತಾ, ಕೊನೆಯ ಎರಡು ವಾರ ಬ್ಯಾಗಿನಲ್ಲಿ ನೀರಿನ ಬಾಟಲ್ ತುಂಬಿಕೊಂಡು ಹತ್ತುತ್ತಿದ್ದೇವೆ. ಇಳಿಯುವಾಗ ಓಡಬೇಡಿ, ಮೊಣಕಾಲು ಕೆಡೋದು ಇಳಿಯುವಾಗಲೇ. ಹೊಸ ಶೂ ಕೊಂಡರೆ ಈ ಅಭ್ಯಾಸವನ್ನೆಲ್ಲ ಅದರಲ್ಲೇ ಮಾಡಿ. ಬೊಬ್ಬೆ ಏಳೋದಿದ್ದರೆ ಊರಲ್ಲೇ ಏಳಲಿ.

ಗಾಳಿ ತೆಳುವಾದಾಗ

3,800 ಮೀಟರಿನಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ಬೆಂಗಳೂರಿನಲ್ಲಿ ಸಿಗೋದರ ಸುಮಾರು ಶೇ 70 ಮಾತ್ರ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಗ್ಯಾಸ್ಟ್ರಿಕ್ ಅಂತ ತಳ್ಳಿಹಾಕಬೇಡಿ, ಮುಚ್ಚಿಡಲೂ ಬೇಡಿ. ಜಿಮ್ಮಿಗೆ ಹೋಗೋರಿಗೂ ಬರುತ್ತೆ, ನಾಚಿಕೆಯ ವಿಷಯ ಅಲ್ಲ. ಅಂದು ಮೇಲೆ ಹೋಗೋದು ನಿಲ್ಲಿಸಿ. ಹೆಚ್ಚಾದರೆ, ನಡಿಗೆ ತಪ್ಪಿದರೆ, ಕೂತಾಗಲೂ ಉಸಿರು ಕಟ್ಟಿದರೆ ರಾತ್ರಿಯಾದರೂ ಕೆಳಗಿಳೀಬೇಕು. 3,000 ಮೀಟರ್ ಮೇಲೆ ಮಲಗೋ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ ಅನ್ನೋದು ವೈದ್ಯರ ಸಾಮಾನ್ಯ ಸಲಹೆ. ಮಾತ್ರೆಗಳನ್ನು ಸೀನಿಯರ್ ಹೇಳಿದ ಅಂತ ನುಂಗಬೇಡಿ, ಹೊರಡೋ ಮೊದಲು ಡಾಕ್ಟರನ್ನು ಕೇಳಿ.

ಚಳಿಗೆ ಬ್ಯಾಟರಿಯೂ ಸೋಲುತ್ತೆ. ರಾತ್ರಿ ಫೋನ್, ಪವರ್ ಬ್ಯಾಂಕ್ ಎರಡೂ ಸ್ಲೀಪಿಂಗ್ ಬ್ಯಾಗಿನೊಳಗೆ ನಿಮ್ಮ ಪಕ್ಕದಲ್ಲೇ ಮಲಗಲಿ. ಹೊರಡೋ ಮುಂಚೆ ದಿನವಾರು ಎಲ್ಲಿರ್ತೀರಿ, ಗೈಡ್ ನಂಬರ್ ಏನು, ಯಾವತ್ತಿನೊಳಗೆ ಫೋನ್ ಬರದಿದ್ದರೆ ವಿಚಾರಿಸಬೇಕು ಅನ್ನೋದನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಕೊಡಿ. ನಮ್ಮದು ತ್ಯಾಗರಾಜನಗರದ ಮನೆಯ ಫ್ರಿಜ್ ಮೇಲೆ ಅಂಟಿದೆ.

ಕತ್ತಲೆ ಪರೀಕ್ಷೆ

ಎಲ್ಲ ಮುಗಿದ ಮೇಲೆ ಕೊನೆಯ ಪರೀಕ್ಷೆಯನ್ನು ಸೂಚಿಸಿದ್ದು ಗೆಳೆಯನ ಅಮ್ಮನೇ. ಹೋದ ವರ್ಷದ ಕಥೆ ಅವರಿಗೆ ಅಲ್ಲಿವರೆಗೂ ಗೊತ್ತಿರಲಿಲ್ಲ. ಅಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಹಾಲಿನ ಲೈಟ್ ಆರಿಸಿದರು. "ಈಗ ಕೈಗೆ ಗ್ಲೌಸ್ ಹಾಕ್ಕೊಂಡು ಆ ಜಾಕೆಟ್ ತೆಗೀರಿ, ನೋಡೋಣ."

ಮೊದಲ ಸಲ ನಮ್ಮಲ್ಲಿ ಇಬ್ಬರು ಫೇಲ್. ಒಬ್ಬನ ಜಿಪ್‌ಗೆ ಗ್ಲೌಸ್ ಹಾಕಿದ ಬೆರಳಿಗೆ ಸಿಗೋವಷ್ಟು ಹಿಡಿಯೇ ಇರಲಿಲ್ಲ. ಅದಕ್ಕೊಂದು ದಾರ ಕಟ್ಟಿದೆವು. ಇನ್ನೊಬ್ಬ ಜಾಕೆಟ್ ಮೇಲೆ ಕೋಡುಬಳೆ ಡಬ್ಬಿ ಇಟ್ಟಿದ್ದ. ಡಬ್ಬಿ ಕೆಳಗೆ ಹೋಯ್ತು. ಮೂರನೇ ಸಲಕ್ಕೆ ನಾಲ್ವರೂ ಒಂದು ನಿಮಿಷದೊಳಗೆ ಜಾಕೆಟ್ ತೊಟ್ಟು ನಿಂತಿದ್ದೆವು. ಆಮೇಲೇ ಅವರು ಲೈಟ್ ಹಾಕಿದ್ದು.

ನಿಮ್ಮ ಬ್ಯಾಗ್ ತುಂಬಿದ ಮೇಲೆ ನೀವೂ ಒಮ್ಮೆ ಲೈಟ್ ಆರಿಸಿ ನೋಡಿ. ನಾವು ವಾಪಸ್ ಬಂದ ಮೇಲೆ ಈ ಪಟ್ಟಿಯಲ್ಲಿ ಏನು ಸರಿಯಿತ್ತು, ಏನು ತಪ್ಪಿತ್ತು ಅಂತ ಬರೀತೀವಿ.