ಚಿತ್ರದಲ್ಲಿ ಉಳಿದ ಗಾಳಿಗಿರಣಿ

ನಂಜನಗೂಡಿನಲ್ಲಿ ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ಕಲ್ಲುಸೇತುವೆಯೊಂದುಂಟು. ಮೈಸೂರಿನಿಂದ ರೈಲುಮಾರ್ಗ ಬಂದಾಗ ಹಳಿಗಳನ್ನು ಅದರ ಮೇಲೆಯೇ ಹಾಸಿದರು. ಎತ್ತಿನ ಗಾಡಿಯೂ ಉಗಿಬಂಡಿಯೂ ಒಂದೇ ಸೇತುವೆಯನ್ನು ದಾಟಿದವು. ಹಳೆಯ ಶಕ್ತಿಯೂ ಹೊಸ ಶಕ್ತಿಯೂ ಹೀಗೆ ಎದುರುಬದುರಾದ ಕಾಲವೇ ಹತ್ತೊಂಬತ್ತನೆಯ ಶತಮಾನ. ಅದೇ ಕಾಲದಲ್ಲಿ ಯೂರೋಪಿನ ಚಿತ್ರಕಾರರು ಗಾಳಿಗಿರಣಿಗಳನ್ನು ಮತ್ತೆ ಮತ್ತೆ ಚಿತ್ರಿಸಿದುದೇಕೆ? ವಿಚಾರ ಮಾಡೋಣ.

ಹಾಲೆಂಡಿನ ಎಷ್ಟೋ ಹೊಲಗಳು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿವೆ. ಅಲ್ಲಿ ನೀರನ್ನು ಹೊಲಕ್ಕೆ ತರುವುದಲ್ಲ, ಹೊಲದಿಂದ ಹೊರಹಾಕುವುದೇ ಕೆಲಸ. ಶತಮಾನಗಳ ಕಾಲ ಈ ಕೆಲಸವನ್ನು ಮಾಡಿದುದು ಗಾಳಿ. ಆದರೆ ಗಾಳಿ ಚಂಚಲ. ಅದರ ವೇಗ ಇಮ್ಮಡಿಯಾದರೆ ದೊರೆಯುವ ಶಕ್ತಿ ಎಂಟು ಮಡಿ. ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಪಾಲು ಮಾತ್ರ. ಉಗಿಯಂತ್ರಕ್ಕೆ ಈ ತೊಡಕಿಲ್ಲ. ಹಾರ್ಲೆಂ ಸರೋವರವನ್ನು ಬರಿದು ಮಾಡಲು 160 ಗಾಳಿಗಿರಣಿಗಳು ಬೇಕೆಂದು 1641ರಲ್ಲಿ ಲೇಘ್‌ವಾಟರ್ ಎಂಬಾತ ಲೆಕ್ಕ ಹಾಕಿದ್ದನು. 1849ರಿಂದ 1852ರೊಳಗೆ ಮೂರೇ ಉಗಿಸ್ಥಾವರಗಳು ಆ ಕೆಲಸವನ್ನು ಮುಗಿಸಿದವು.

ಇಂಗ್ಲೆಂಡಿನ ಕಾನ್‌ಸ್ಟೆಬಲ್ (1776–1837) ಗಿರಣಿಯ ಒಡೆಯನ ಮಗ. ತಾನೂ ಕೆಲಕಾಲ ಗಿರಣಿಯಲ್ಲಿ ದುಡಿದವನು. ಆಕಾಶದ ಮೋಡಕ್ಕೂ ಗಿರಣಿಯ ರೆಕ್ಕೆಗೂ ಇರುವ ನಂಟನ್ನು ಆತ ಬಲ್ಲವನಾಗಿದ್ದನು. ಮುಂದೆ ಹಾಲೆಂಡಿನ ವೈಸ್ಸೆನ್‌ಬ್ರೂಖ್ (1824–1903) ಮೊದಲಾದವರು, ಉಗಿಯಂತ್ರದ ಹೊಗೆಗೂಡುಗಳು ಏಳುತ್ತಿದ್ದಾಗಲೂ, ಹಳೆಯ ಗಿರಣಿಗಳನ್ನೇ ಹೆಚ್ಚಾಗಿ ಆರಿಸಿಕೊಂಡರು. ಆದುದರಿಂದ ಚಿತ್ರವನ್ನು ಸಾಕ್ಷಿಯಾಗಿ ಓದುವಾಗ ಅದರಲ್ಲಿರುವುದನ್ನಷ್ಟೇ ಅಲ್ಲ, ಬಿಟ್ಟುಹೋದುದನ್ನೂ ನಾವು ಗಮನಿಸಬೇಕು.

ನಮ್ಮ ಸೀಮೆಯ ಮಾತೇನು? ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ಗಾಳಿ ಮರಳನ್ನು ದಿಬ್ಬವಾಗಿ ಒಟ್ಟಿ ದೇವಾಲಯಗಳನ್ನೇ ಮುಚ್ಚಿತು. ಆದರೂ ಇಲ್ಲಿ ನೀರಿನ ಕೆಲಸ ಗಾಳಿಯ ಪಾಲಿಗೆ ಬರಲಿಲ್ಲ. ಕಾವೇರಿಯ ಅಣೆಕಟ್ಟೆಯಿಂದ ನಾಲೆಯ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿಯುತ್ತದೆ. ಬಾವಿಯ ನೀರಿಗೆ ಕಪಿಲೆಯಿತ್ತು: ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಅವುಗಳ ಭಾರವೂ ಎಳೆತಕ್ಕೆ ನೆರವಾಗಿ ತೊಗಲಿನ ಚೀಲ ಮೇಲೇರುತ್ತಿತ್ತು. ಗಾಳಿಗಾಗಿ ಕಾಯಬೇಕಾಗಿರಲಿಲ್ಲ.

ಇಂದು ವಿದ್ಯುತ್ ಪಂಪು ಬಂದು ಕಪಿಲೆ ಮರೆಯಾಗಿದೆ. ಹಾಲೆಂಡಿನ ಗಿರಣಿಗೆ ಚಿತ್ರಕಾರರು ದೊರೆತರು, ನಮ್ಮ ಕಪಿಲೆಗೆ? ಅದನ್ನು ಹೂಡಿದ ಹಿರಿಯರು ಊರಿನಲ್ಲಿ ಇನ್ನೂ ಇದ್ದರೆ, ವಿದ್ಯಾರ್ಥಿಗಳು ಅವರ ಬಳಿ ಕುಳಿತು ರಾಟೆ, ಹಗ್ಗ, ಇಳಿಜಾರುಗಳ ಅಳತೆ ಕೇಳಿ ಒಂದು ಚಿತ್ರ ಬರೆದಿಡಲಿ. ಅದಕ್ಕೆ ದೊಡ್ಡ ಕಲಾವಿದನೇ ಆಗಬೇಕಾಗಿಲ್ಲ.